ಮಳೆ ಜೋರಾದರೆ ಇವರು ಮಲಗುವುದಿಲ್ಲ: ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆ) ಇರುವವರ ಜೊತೆ ಬದುಕುತ್ತಿರುವವರು ದಯವಿಟ್ಟು ಬರೆಯಿರಿ

ಮಕ್ಕಂದೂರು ಕಡೆಯವಳು

ನಾವು ಮಡಿಕೇರಿ ತಾಲ್ಲೂಕಿನವರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮನೆಯೂ ಹೋಯಿತು, ತೋಟದಲ್ಲಿ ಅರ್ಧವೂ ಹೋಯಿತು. ಜೀವ ಉಳಿಯಿತು. ಪರಿಹಾರ ಕೇಂದ್ರ, ನೆಂಟರ ಮನೆ, ಬಾಡಿಗೆ ಮನೆ ಎಲ್ಲ ದಾಟಿ ಈಗ ಸರ್ಕಾರ ಕಟ್ಟಿಸಿಕೊಟ್ಟ ಮನೆಯಲ್ಲಿದ್ದೇವೆ. ಹೊರಗಿನವರ ಕಣ್ಣಿಗೆ ನಾವು ಸುಧಾರಿಸಿಕೊಂಡವರು.

ನಮ್ಮ ಯಜಮಾನರು ಸುಧಾರಿಸಿಕೊಂಡಿಲ್ಲ. ಜೂನ್ ಬಂತೆಂದರೆ ಮುಖವೇ ಬದಲಾಗುತ್ತದೆ. ರಾತ್ರಿ ಮಳೆ ಬಿರುಸಾದರೆ ಗಂಬೂಟು ಹಾಕಿಕೊಂಡು ಟಾರ್ಚ್ ಹಿಡಿದು ಮನೆ ಹಿಂದಿನ ಬರೆ (ಮಣ್ಣಿನ ಇಳಿಜಾರು) ನೋಡಲು ಹೋಗುತ್ತಾರೆ. ಚರಂಡಿಯ ನೀರನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ಮಣ್ಣಿನ ಬಣ್ಣ ಬಂದಿದೆಯೇ ಅಂತ ನೋಡುತ್ತಾರೆ. ಒಳಗೆ ಬಂದು ಕೂರುತ್ತಾರೆ. ಅರ್ಧ ಗಂಟೆಗೆ ಮತ್ತೆ ಹೊರಗೆ. ಆಧಾರ್, ಆರ್‌ಟಿಸಿ, ಪಾಸ್‌ಬುಕ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ಮಗಳು ನೈಟಿ ಹಾಕಿ ಮಲಗಿದರೆ ಬೈಯುತ್ತಾರೆ, ಓಡಬೇಕಾಗಿ ಬಂದರೆ ಏನು ಮಾಡುತ್ತೀ ಅಂತ.

ಮಳೆ ನಿಂತರೂ ಪೂರ್ತಿ ಸರಿಹೋಗುವುದಿಲ್ಲ. ಜೆಸಿಬಿ ಶಬ್ದ ಕೇಳಿದರೆ ಬೆವರುತ್ತಾರೆ. ಉಳಿದ ತೋಟದ ಕಡೆ ಕಾಲಿಟ್ಟಿಲ್ಲ. ಆ ದಾರಿಯಲ್ಲಿ ಹೋಗಬೇಕಾದ ಮದುವೆಗೂ ಬರುವುದಿಲ್ಲ. ಪಕ್ಕದ ಮನೆಯ ಅಜ್ಜಿ ಅವತ್ತು ಹೋಗಿಬಿಟ್ಟರು. ಇವರು ಓಡುವಾಗ ಕೂಗಿ ಕರೆದಿದ್ದರು. "ಇನ್ನೊಂದು ಸಲ ಕೂಗಬೇಕಿತ್ತು" ಅಂತ ಕುಡಿದಾಗ ಮಾತ್ರ ಹೇಳುತ್ತಾರೆ. ಕುಡಿಯುವುದು ಹೆಚ್ಚಾಗಿದೆ. ನಿದ್ದೆಗೆ ಅಂತ ಒಬ್ಬರು ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಇನ್ನೂ ನುಂಗುತ್ತಿದ್ದಾರೆ.

ಮೊನ್ನೆ ಒಂದು ಶಿಬಿರದಲ್ಲಿ ಇದು ಪಿಟಿಎಸ್‌ಡಿ ಇರಬಹುದು, ತೋರಿಸಿ ಅಂದರು. ನೆಂಟರು ಮರೆತುಬಿಡಲು ಹೇಳಿ ಅನ್ನುತ್ತಾರೆ. ನಾವು ಮನೆಯವರು ಅವರಿಗೆ ಏನೂ ನೆನಪಾಗದ ಹಾಗೆ ನೋಡಿಕೊಳ್ಳುತ್ತಿದ್ದೇವೆ. ಮಳೆ ಸುದ್ದಿ ಬಂದರೆ ಟಿವಿ ಆರಿಸುತ್ತೇವೆ, ಹಳೇ ಮನೆಯ ಫೋಟೋ ತೆಗೆದಿಟ್ಟಿದ್ದೇವೆ, ತೋಟ ನಾನೇ ನೋಡುತ್ತೇನೆ. ಅತ್ತೆಗೆ ದೈವಕ್ಕೆ ಹರಕೆ ಒಪ್ಪಿಸಬೇಕು ಅಂತಿದೆ. ನಾವು ಮಾಡುತ್ತಿರುವುದು ಸರಿಯೇ? ಅನುಭವ ಇದ್ದವರು ಹೇಳಿ.

---

ಸಮಾಜ ಕಾರ್ಯಕರ್ತೆ, ಮೈಸೂರು

ಅಕ್ಕಾ, ನಾನು ಮನೋವೈದ್ಯಕೀಯ ವಿಭಾಗದಲ್ಲಿ ಕೆಲಸ ಮಾಡುವವಳು. ಇಲ್ಲಿ ಓದಿಯೇ ಕಾಯಿಲೆ ಇದೆ, ಇಲ್ಲ ಅಂತ ಹೇಳಲು ಆಗದು, ಮುಖತಃ ನೋಡಿದವರೇ ಹೇಳಬೇಕು. ಆದರೆ ನೀವು ಬರೆದದ್ದರಲ್ಲಿ ಆ ಕಾಯಿಲೆಯ ನಾಲ್ಕು ಮುಖಗಳೂ ಕಾಣುತ್ತಿವೆ. ನಡೆದದ್ದು ಮತ್ತೆ ಮತ್ತೆ ಕಣ್ಣೆದುರು ಬರುವುದು. ಅದನ್ನು ನೆನಪಿಸುವ ಜಾಗ, ಜನ, ಮಾತು ಬಿಟ್ಟು ದೂರ ಇರುವುದು. ನನ್ನದೇ ತಪ್ಪು ಅನ್ನುವ ಕೊರಗು, ಯಾವುದರಲ್ಲೂ ಮನಸ್ಸಿಲ್ಲದಿರುವುದು. ಮೈ ಸದಾ ಎಚ್ಚರದಲ್ಲಿರುವುದು, ಸಿಟ್ಟು, ನಿದ್ದೆಗೇಡು. ಇವು ಒಂದು ತಿಂಗಳು ದಾಟಿಯೂ ಉಳಿದು ಬದುಕಿಗೆ ಅಡ್ಡ ಬಂದರೆ ಪಿಟಿಎಸ್‌ಡಿ ಅಂತ ಯೋಚಿಸುತ್ತೇವೆ. ಕೆಲವರಲ್ಲಿ ಆರು ತಿಂಗಳು ಕಳೆದ ಮೇಲೆ ಪೂರ್ತಿಯಾಗಿ ಕಾಣಿಸಿಕೊಳ್ಳುವುದೂ ಉಂಟು.

ಆಘಾತ ಕಂಡವರೆಲ್ಲರಿಗೂ ಇದು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆಗೆ ಸಿಕ್ಕುತ್ತಾರೆ, ಅವರಲ್ಲಿ ಪಿಟಿಎಸ್‌ಡಿ ಆಗುವುದು ಶೇ 5.6ರಷ್ಟು ಮಂದಿಗೆ. ಯಾರಿಗೆ ಬರುತ್ತದೆ ಅನ್ನುವುದು ಧೈರ್ಯದ ಲೆಕ್ಕವಲ್ಲ. ಆನೆ ದಾಟಿ ಹೋದ ಮೇಲೂ ಕಾವಲಿನವನು ಅಟ್ಟಣೆ ಇಳಿಯದೆ ತಮಟೆ ಬಡಿಯುತ್ತಲೇ ಇದ್ದರೆ ಹೇಗೋ, ಅವರ ಮಿದುಳಿನ ಕಾವಲು ಹಾಗೆ ಎದ್ದು ಕೂತಿದೆ. ಅಪಾಯ ಗುರುತಿಸುವ ಭಾಗ ಅತಿಯಾಗಿ ಕೆಲಸ ಮಾಡುತ್ತದೆ. ಇದು ಅಂದಿನದು, ಇಂದಿನದಲ್ಲ ಅಂತ ವಿಂಗಡಿಸುವ ಭಾಗ ಹಿಂದೆ ಬೀಳುತ್ತದೆ. ಹಾಗಾಗಿ ನೆನಪು ನೆನಪಿನ ಹಾಗೆ ಬರದೆ ಈಗಲೇ ನಡೆಯುತ್ತಿರುವ ಹಾಗೆ ಬರುತ್ತದೆ. ಇಂಥವರಿಗೆ "ಮರೆತುಬಿಡು" ಅನ್ನುವ ಮಾತು ತಲುಪುವುದೇ ಇಲ್ಲ. ಮರೆಯಲು ಅವರಷ್ಟು ಹೆಣಗಿದವರು ಯಾರೂ ಇರಲಾರರು.

ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಏನೂ ನೆನಪಾಗದ ಹಾಗೆ ಕಾಪಾಡುವುದು ಪ್ರೀತಿಯಿಂದ ಮಾಡಿದ ಕೆಲಸ. ಎಲ್ಲ ಮನೆಗಳಲ್ಲೂ ಹೀಗೇ ಮಾಡುತ್ತಾರೆ. ಆದರೆ ಕಾಯಿಲೆಯನ್ನು ಉಳಿಸುವುದೂ ಅದೇ. ತೋಟಕ್ಕೆ ಹೋಗದಿದ್ದಾಗ ಅವರಿಗೆ ಆ ಕ್ಷಣಕ್ಕೆ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಮನಸ್ಸಿಗೆ, ನೋಡು, ಹೋಗದ್ದಕ್ಕೇ ಬದುಕಿದೆ ಅಂತ ಕಲಿಸುತ್ತದೆ. ಮುಂದಿನ ವರ್ಷ ಹೋಗದಿರುವ ಜಾಗ ಇನ್ನೊಂದು ಸೇರುತ್ತದೆ. ಹಾಗಂತ ನಾಳೆಯೇ ಕೈಹಿಡಿದು ತೋಟಕ್ಕೆ ಎಳೆದುಕೊಂಡು ಹೋಗಬೇಡಿ, ಕೂರಿಸಿ "ಎಲ್ಲ ಹೇಳಿಬಿಡಿ" ಅಂತಲೂ ಒತ್ತಾಯಿಸಬೇಡಿ. ದುರಂತ ಆದ ತಕ್ಷಣ ಜನರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಬಹಳ ನಡೆಯುತ್ತಿತ್ತು. ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಾಗಲೂಬಹುದು ಅಂತ ಅಧ್ಯಯನಗಳು ತೋರಿಸಿದ ಮೇಲೆ ಕೈಬಿಟ್ಟರು. ಎದುರಿಸುವುದು ಬೇಕು, ಆದರೆ ಮೆಟ್ಟಿಲು ಮೆಟ್ಟಿಲಾಗಿ, ಕಲಿತವರ ಜೊತೆ, ಹಗ್ಗದ ತುದಿ ಅವರ ಕೈಯಲ್ಲೇ ಇರುವ ಹಾಗೆ.

ಹರಕೆ ಒಪ್ಪಿಸಿ, ಖಂಡಿತ. ಅತ್ತೆಗೂ ಅವತ್ತಿನ ದುಃಖ ಇದೆಯಲ್ಲ. ಚಿಕಿತ್ಸೆ ನಿಲ್ಲಿಸಬೇಡಿ ಅಷ್ಟೇ.

---

ಹಳೇಬೇರು

ಎಲ್ಲರೂ ಕ್ಷಮಿಸಬೇಕು, ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ನಮ್ಮ ಅಜ್ಜ ಅಜ್ಜಿಯರು ಪ್ಲೇಗು ಕಂಡರು, ಬರ ಕಂಡರು, ಹೆತ್ತ ಮಕ್ಕಳಲ್ಲಿ ಅರ್ಧ ಮಕ್ಕಳನ್ನು ಮಣ್ಣು ಮಾಡಿದರು. ಯಾರೂ ಕೌನ್ಸೆಲಿಂಗ್‌ಗೆ ಹೋಗಲಿಲ್ಲ. ಊರವರೆಲ್ಲ ಸೇರಿ ಮನೆ ಕಟ್ಟಿಕೊಟ್ಟರು, ಗದ್ದೆಗೆ ಮುಯ್ಯಾಳಾಗಿ ಬಂದರು, ಬದುಕು ನಡೆಯಿತು. ಈಗ ಎಲ್ಲದಕ್ಕೂ ಒಂದು ಕಾಯಿಲೆ, ಒಂದು ಮಾತ್ರೆ.

---

ಮಾಜಿ ಸೈನಿಕ, ಗೋಣಿಕೊಪ್ಪ

ಹಳೇಬೇರು ಅವರೇ, ಆ ಕಾಲದಲ್ಲೂ ಇತ್ತು. ನಮ್ಮ ಊರಿನಲ್ಲೇ ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಒಬ್ಬರು ಹಿರಿಯರಿದ್ದರು. ಹಬ್ಬದ ದಿನ ಗುಂಡಿನ ಸದ್ದಾದರೆ ಭತ್ತದ ಪತ್ತಾಯದ ಹಿಂದೆ ಹೋಗಿ ಕೂರುತ್ತಿದ್ದರು. ಯಾರ ಜೊತೆಗೂ ಎರಡು ಮಾತಿಗಿಂತ ಹೆಚ್ಚು ಆಡಲಿಲ್ಲ. ಊರವರು ತಲೆ ಕೆಟ್ಟವನು ಅಂದರು, ಮಕ್ಕಳು ಅಣಕಿಸಿದರು. ಚಿಕಿತ್ಸೆ ಇಲ್ಲದೆ ಅವರ ಬದುಕು ಹಾಗೇ ಮುಗಿದುಹೋಯಿತು. ಅದನ್ನು "ಬದುಕು ನಡೆಯಿತು" ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಸೇನೆಗಳೂ ಇದನ್ನು ಒಪ್ಪಲು ಬಹಳ ಕಾಲ ತೆಗೆದುಕೊಂಡವು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಅನ್ನುವ ಬ್ರಿಟಿಷ್ ಸೇನೆಯ ವೈದ್ಯ 'ಶೆಲ್ ಶಾಕ್' (ಯುದ್ಧದ ಆಘಾತಕ್ಕೆ ಆಗಿನ ಹೆಸರು) ಬಗ್ಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಆ ಯುದ್ಧದಲ್ಲೇ ಹೇಡಿತನ, ಪಲಾಯನ ಮುಂತಾದ ಆರೋಪ ಹೊರಿಸಿ ತಮ್ಮದೇ ಸೈನಿಕರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಎಷ್ಟೋ ಮಂದಿ ಇದೇ ಕಾಯಿಲೆಯವರಾಗಿದ್ದಿರಬೇಕು. 306 ಮಂದಿಗೆ ಬ್ರಿಟನ್ ಸರ್ಕಾರ ಕ್ಷಮಾದಾನ ಕೊಟ್ಟಿದ್ದು 2006ರಲ್ಲಿ. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರು ಹೋರಾಡಿದ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ ಅನ್ನುವ ಹೆಸರು ಸೇರಿತು.

ನಾನೂ ಗಡಿಯ ಪೋಸ್ಟ್‌ಗಳಲ್ಲಿ ಇದ್ದು ಬಂದವನು. ಪೆನ್ಷನ್ ಬಂದ ಮೇಲೆ ಮನೆಯಲ್ಲಿ ಬಾಗಿಲ ಕಡೆ ಬೆನ್ನು ಮಾಡಿ ಕೂರಲು ಆಗುತ್ತಿರಲಿಲ್ಲ. ಮೊಮ್ಮಗ ಬಲೂನು ಒಡೆದಾಗ ಅವನ ಮೇಲೆ ಕೈ ಎತ್ತಿದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್‌ನಲ್ಲಿ ಹೇಳಿಕೊಂಡೆ, ಅಲ್ಲಿಂದ ಮನೋವೈದ್ಯರ ಹತ್ತಿರ ಕಳಿಸಿದರು. ಇವತ್ತು ಹಬ್ಬದಲ್ಲಿ ಎಲ್ಲರ ಜೊತೆ ನಿಲ್ಲುತ್ತೇನೆ.

ತಂಗೀ, ನಿಮಗೆ ಒಂದೇ ಮಾತು. ಕೊಡಗಿನ ಮನೆ ಅಂದಮೇಲೆ ಕೋವಿ ಇರುತ್ತದೆ. ನಿಮ್ಮಲ್ಲೂ ಇದ್ದರೆ ಸದ್ಯಕ್ಕೆ ನಂಬಿಕಸ್ತ ನೆಂಟರ ಹತ್ತಿರವೋ ಪೊಲೀಸ್ ಠಾಣೆಯಲ್ಲೋ ಕಾನೂನು ಪ್ರಕಾರ ಇಡುವ ವ್ಯವಸ್ಥೆ ಮಾಡಿ. ತೋಟದ ಔಷಧಿಗಳಿಗೆ ಬೀಗ ಹಾಕಿ ಕೀ ನೀವು ಇಟ್ಟುಕೊಳ್ಳಿ. ಅವರ ಮೇಲೆ ಅನುಮಾನ ಅಂತ ತಿಳಿಯಬೇಡಿ. ಕುಡಿತ, ನಿದ್ದೆ ಇಲ್ಲದ ರಾತ್ರಿ, "ನಾನು ಉಳಿಯಬಾರದಿತ್ತು" ಅನ್ನುವ ಯೋಚನೆ, ಕೈಗೆಟುಕುವ ಕೋವಿ, ಇವು ಒಂದೇ ಮನೆಯಲ್ಲಿ ಇರಬಾರದು. ನಮ್ಮ ಜೊತೆಗಾರನೊಬ್ಬನನ್ನು ಹೀಗೇ ಕಳೆದುಕೊಂಡಿದ್ದೇವೆ.

---

ಸಮಾಜ ಕಾರ್ಯಕರ್ತೆ, ಮೈಸೂರು

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಾಯುವ ಯೋಚನೆ ಬರುತ್ತದೆಯೇ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ಸುಳ್ಳು. ಬಹಳ ಜನ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ತಕ್ಷಣದ ಅಪಾಯ ಇದ್ದರೆ 112.

ಹಳೇಬೇರು ಅವರ ಮಾತಿನಲ್ಲಿ ನಾನು ಬಿಡಲಾರದ ಒಂದು ಅಂಶ ಇದೆ. ದುರಂತದ ನಂತರ ಜೊತೆಗೆ ನಿಲ್ಲುವ ಜನ ಇದ್ದಾರೋ ಇಲ್ಲವೋ ಅನ್ನುವುದು, ಪಿಟಿಎಸ್‌ಡಿ ಆಗುತ್ತದೋ ಇಲ್ಲವೋ ಅನ್ನುವುದನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ. ಮುಯ್ಯಾಳುಗಳು ಗದ್ದೆಗೆ ಬಂದದ್ದೂ ಒಂದು ಚಿಕಿತ್ಸೆಯೇ. ನಮ್ಮ ನಿಮ್ಹಾನ್ಸ್‌ನವರು 1981ರ ಬೆಂಗಳೂರಿನ ವೀನಸ್ ಸರ್ಕಸ್ ಬೆಂಕಿ ದುರಂತದಲ್ಲಿ ಮಕ್ಕಳನ್ನು ಕಳೆದುಕೊಂಡವರ ದುಃಖವನ್ನು ಅಧ್ಯಯನ ಮಾಡಿದ ಕಾಲದಿಂದ, ಭೋಪಾಲ್, ಗುಜರಾತ್ ಭೂಕಂಪ, 2004ರ ಸುನಾಮಿವರೆಗೆ ಕಲಿತುಬಂದದ್ದೂ ಇದನ್ನೇ. ವೈದ್ಯರು ಎಲ್ಲ ಕಡೆ ಹೋಗಲಾರರು, ಊರಿನವರಿಗೇ ತರಬೇತಿ ಕೊಡಬೇಕು. ಕೊಡಗಿನಲ್ಲಿ 2018ರ ನಂತರ ಒಂದೊಂದು ಊರಿನ ಜನ ನಾಲ್ಕು ದಿಕ್ಕಿಗೆ ಚದುರಿಹೋದರು. ಮನೆ ಸಿಕ್ಕಿತು, ಪಕ್ಕದ ಮನೆ ಸಿಗಲಿಲ್ಲ. ಇದನ್ನು ಯಾವ ಪರಿಹಾರದ ಪಟ್ಟಿಯಲ್ಲೂ ಬರೆದಿಲ್ಲ ಅನ್ನುವುದು ನನ್ನ ದೊಡ್ಡ ನೋವು.

---

ಮಕ್ಕಂದೂರು ಕಡೆಯವಳು

ಓದಿ ಅತ್ತುಬಿಟ್ಟೆ. ಕೋವಿ ಮಾವನ ಕಾಲದ್ದು ಇದೆ, ಇವತ್ತೇ ನನ್ನ ಅಣ್ಣನಿಗೆ ಹೇಳಿದ್ದೇನೆ. ಒಂದು ಕೇಳಬೇಕು. ಮಳೆಗೆ ಹೆದರುವುದು ಕಾಯಿಲೆ ಅಂತ ನಾನು ಹೇಗೆ ಹೇಳಲಿ? 2019ರಲ್ಲಿ ನಮ್ಮ ಜಿಲ್ಲೆಯ ತೋರ ಗ್ರಾಮದಲ್ಲಿ ಗುಡ್ಡ ಬಿತ್ತು. 2020ರಲ್ಲಿ ತಲಕಾವೇರಿಯಲ್ಲಿ ಬಿತ್ತು. 2024ರಲ್ಲಿ ಪಕ್ಕದ ವಯನಾಡಿನಲ್ಲಿ ಊರೇ ಹೋಯಿತು. ಅವತ್ತು ಇವರು ಫೋನಿನಲ್ಲಿ ವಿಡಿಯೋ ನೋಡುತ್ತಾ ಎರಡು ದಿನ ಊಟ ಮಾಡಲಿಲ್ಲ. "ನೋಡು, ನಾನು ಹೇಳಿರಲಿಲ್ವಾ" ಅಂದರು. ಅವರು ಹೇಳುವುದು ಸುಳ್ಳಲ್ಲವಲ್ಲ.

---

ಸಮಾಜ ಕಾರ್ಯಕರ್ತೆ, ಮೈಸೂರು

ಸುಳ್ಳಲ್ಲ. ಹಾಗಾಗಿ "ಏನೂ ಆಗಲ್ಲ, ಮಲಕ್ಕೊಳ್ಳಿ" ಅಂತ ಯಾವತ್ತೂ ಹೇಳಬೇಡಿ. ಹಾಗಂದ ಕ್ಷಣ ಅವರ ಪಾಲಿಗೆ ನೀವು ನಂಬಲಾಗದವರಾಗುತ್ತೀರಿ, ಕಾವಲು ಪೂರ್ತಿ ಅವರೊಬ್ಬರ ಹೆಗಲಿಗೆ ಬೀಳುತ್ತದೆ.

ಕೊಡಗಿನ ಮನೆಗಳ ಜೊತೆ ಕೆಲಸ ಮಾಡುವಾಗ ನಾವು ಹೀಗೆ ಮಾಡುತ್ತೇವೆ. ಬೇಸಿಗೆಯಲ್ಲಿ, ಮನಸ್ಸು ತಣ್ಣಗಿರುವಾಗ, ಮನೆಯವರೆಲ್ಲ ಕೂತು ಒಂದು ಮಳೆಗಾಲದ ಒಪ್ಪಂದ ಬರೆಯುವುದು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ, ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ನಿರೀಕ್ಷೆ ಇದ್ದರೆ, ಯಾವ ನೆಂಟರ ಮನೆಗೆ ಹೋಗುವುದು. ಜಿಲ್ಲಾಡಳಿತ ಜಾಗ ಬಿಡಿ ಅಂದರೆ ಮರುಮಾತಿಲ್ಲದೆ ಹೊರಡುವುದು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಊಟೆ (ಒರತೆ) ನೀರು ಕಂಡರೆ ಅಲರ್ಟ್ ಇರಲಿ ಇಲ್ಲದಿರಲಿ ಹೊರಡುವುದು. ಇವು ಯಾವುದೂ ಇಲ್ಲದ ರಾತ್ರಿ ಮಲಗುವ ಮೊದಲು ಒಂದೇ ಸಲ ಬರೆ ನೋಡಿ ಬರುವುದು, ಅದೂ ಇಬ್ಬರೂ ಸೇರಿ. ಕಾಗದಪತ್ರದ ಕವರ್ ಮೊಳೆಯಲ್ಲೇ ಇರಲಿ, ಅದು ಒಳ್ಳೇ ಅಭ್ಯಾಸ.

ಮೊದಮೊದಲು ಒಂದು ಸಲ ನೋಡಿ ನಿಲ್ಲಿಸಲು ಅವರಿಂದ ಆಗದು. ಅರ್ಧ ಗಂಟೆಯಿದ್ದದ್ದು ಒಂದು ಗಂಟೆಯಾಗಲಿ, ಆಮೇಲೆ ಎರಡಾಗಲಿ. ನಿಜವಾದ ಅಪಾಯಕ್ಕೆ ಯೋಜನೆ ಬೇಕು, ಕಾಯಿಲೆಯ ಹೆದರಿಕೆಗೆ ಚಿಕಿತ್ಸೆ ಬೇಕು. ಎರಡೂ ಒಂದೇ ಮೈಯಲ್ಲಿ ಇರುವುದರಿಂದ ಬೇರೆ ಮಾಡಿ ನೋಡಲು ಅವರಿಗೆ ನಿಮ್ಮ ಸಹಾಯ ಬೇಕು. ವಿಡಿಯೋ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ದುರಂತದ ದೃಶ್ಯ ಮತ್ತೆ ಮತ್ತೆ ನೋಡುವುದರಿಂದ ಯಾರೂ ಗಟ್ಟಿಯಾಗುವುದಿಲ್ಲ. ಟಿವಿ ಆರಿಸುವ ಬದಲು ಸಂಜೆ ಒಮ್ಮೆ ಅಧಿಕೃತ ಮುನ್ಸೂಚನೆ ಒಟ್ಟಿಗೆ ನೋಡಿ ಮುಗಿಸಿ.

---

ಸ್ಟೇರಿಂಗ್ ಹಿಡಿದವನು

ನಾನು ಹಾಸನ ಕಡೆಯವನು, ಬಸ್ ಡ್ರೈವರ್. ಮೇಡಂ ಹೇಳಿದ ಮೆಟ್ಟಿಲು ಮೆಟ್ಟಿಲು ಅನ್ನುವುದು ಹೇಗಿರುತ್ತದೆ ಅಂತ ಅನುಭವಿಸಿದವನಾಗಿ ಬರೆಯುತ್ತೇನೆ, ಯಾಕೆಂದರೆ ನನಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ.

ಘಾಟಿಯಲ್ಲಿ ಒಂದು ಬೈಕ್ ನನ್ನ ಬಸ್ಸಿನ ಕೆಳಗೆ ಬಂತು. ನನ್ನ ತಪ್ಪಿಲ್ಲ ಅಂತ ಕೇಸೂ ಮುಗಿಯಿತು. ಆದರೆ ಹೆಲ್ಮೆಟ್ ರಸ್ತೆ ಮೇಲೆ ಉರುಳಿಕೊಂಡು ಹೋದ ಶಬ್ದ ಇದೆಯಲ್ಲ, ಅದು ನನ್ನ ಕಿವಿ ಬಿಡಲಿಲ್ಲ. ಮನೆಯಲ್ಲಿ ಸ್ಟೀಲ್ ಬಟ್ಟಲು ಕೆಳಗೆ ಬಿದ್ದು ಸುತ್ತಿದರೆ ನಾನು ಘಾಟಿಯಲ್ಲಿರುತ್ತಿದ್ದೆ. ನಿಜವಾಗಿ ಅಲ್ಲೇ. ಡೀಸೆಲ್ ವಾಸನೆ ಕೂಡ ಬರುತ್ತಿತ್ತು.

ಮನೋವೈದ್ಯರು ಮಾತ್ರೆ ಕೊಟ್ಟು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ವಾರಕ್ಕೊಮ್ಮೆ, ಒಂದೂವರೆ ಗಂಟೆ. ಮೊದಲು ಉಸಿರಾಟ ಕಲಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಅವತ್ತಿನದ್ದನ್ನು ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳಿ ಅಂದರು. "ಬೈಕ್ ಬರ್ತಾ ಇದೆ, ಬ್ರೇಕ್ ಒತ್ತುತ್ತಾ ಇದ್ದೀನಿ" ಅಂತ. ನಡುವೆ ಕೇಳುತ್ತಿದ್ದರು, ಈಗ ಹೆದರಿಕೆ ನೂರಕ್ಕೆ ಎಷ್ಟು? ನಾನು ತೊಂಬತ್ತೈದು ಅನ್ನುತ್ತಿದ್ದೆ. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ದಿನಾ ಮನೆಯಲ್ಲಿ ಕೇಳಬೇಕು. ಮೊದಲ ಕೆಲವು ವಾರ ಕಾಯಿಲೆ ಹೆಚ್ಚಾಯಿತು ಅನ್ನಿಸಿತು, ಕನಸೂ ಹೆಚ್ಚಾದವು, ಹೆಂಡತಿ ಬಿಟ್ಟುಬಿಡಿ ಅಂದಳು. ಇದು ಎಲ್ಲರೂ ತಿಳಿದಿರಬೇಕಾದ ಮಾತು, ಬಹಳ ಜನ ಅಲ್ಲೇ ಬಿಡುತ್ತಾರೆ. ಬಿಡದೆ ಹೋದೆ. ಕೇಳುತ್ತಾ ಕೇಳುತ್ತಾ ಒಂದು ದಿನ ಆ ರೆಕಾರ್ಡಿಂಗ್ ನನಗೆ ಬೇಜಾರು ಹಿಡಿಸಿತು. ಹೆದರಿಕೆ ಅಲ್ಲ, ಬೇಜಾರು! ಸೈಕಾಲಜಿಸ್ಟ್‌ಗೆ ಹೇಳಿದರೆ, ಇದಕ್ಕೇ ಕಾಯುತ್ತಿದ್ದೆ ಅಂದರು.

ಅದರ ಜೊತೆಜೊತೆಗೇ ಹೊರಗಿನ ಮೆಟ್ಟಿಲುಗಳು. ಡಿಪೋದಲ್ಲಿ ನಿಂತ ಬಸ್ಸಿನ ಸೀಟಿನಲ್ಲಿ ಕೂರುವುದು. ಎಂಜಿನ್ ಆನ್ ಮಾಡಿ ಕೂರುವುದು. ಡಿಪೋದೊಳಗೇ ಒಂದು ಸುತ್ತು. ಬೇರೆಯವರು ಓಡಿಸುವಾಗ ಪ್ರಯಾಣಿಕನಾಗಿ ಘಾಟಿ ಇಳಿಯುವುದು. ಹೆದರಿಕೆ ಅರ್ಧಕ್ಕೆ ಇಳಿಯುವವರೆಗೂ ಆ ಮೆಟ್ಟಿಲು ಬಿಡಬಾರದು, ಏರಿದಾಗಲೇ ಎದ್ದು ಓಡಬಾರದು. ಈಗ ನಾನೇ ಓಡಿಸುತ್ತೇನೆ. ನೆನಪು ಹೋಗಿಲ್ಲ. ಆ ತಿರುವು ಬಂದಾಗ ಆ ಹುಡುಗನಿಗೆ ಮನಸ್ಸಲ್ಲೇ ಕೈ ಮುಗಿಯುತ್ತೇನೆ, ಗಾಡಿ ಮುಂದಕ್ಕೆ ಹೋಗುತ್ತದೆ.

---

ತಾಲ್ಲೂಕು ಆಸ್ಪತ್ರೆ ವೈದ್ಯ

ಡ್ರೈವರ್ ಸಾಹೇಬರು ಪಡೆದದ್ದು ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅನ್ನುವ ಚಿಕಿತ್ಸೆ. ಸಾಮಾನ್ಯವಾಗಿ 8ರಿಂದ 15 ಭೇಟಿ. ಇದಲ್ಲದೆ "ನನ್ನಿಂದಲೇ ಆಯಿತು" ಅನ್ನುವಂಥ ಗಂಟುಬಿದ್ದ ನಂಬಿಕೆಗಳನ್ನು ಒಂದೊಂದಾಗಿ ಬಿಡಿಸುವ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಇದೆ. ಮಕ್ಕಂದೂರಿನ ತಂಗಿಯ ಯಜಮಾನರ "ಇನ್ನೊಂದು ಸಲ ಕೂಗಬೇಕಿತ್ತು" ಅನ್ನುವ ಕೊರಗಿಗೆ ಅದು ಹೊಂದಬಹುದು. ಕಣ್ಣಿನ ಚಲನೆ ಬಳಸಿ ಮಾಡುವ ಇಎಂಡಿಆರ್ ಇನ್ನೊಂದು. ಮೂರಕ್ಕೂ ಒಳ್ಳೆಯ ಆಧಾರ ಇದೆ. ಯಾವುದು ಹತ್ತಿರದಲ್ಲಿ, ತರಬೇತಿ ಪಡೆದವರಿಂದ ಸಿಗುತ್ತದೋ ಅದನ್ನು ಹಿಡಿಯಿರಿ.

ನಾನು ಬರೆಯಬೇಕು ಅಂತ ಬಂದದ್ದು ಮಾತ್ರೆಯ ವಿಷಯಕ್ಕೆ. ಸರ್ಟ್ರಲೀನ್, ಪ್ಯಾರೊಕ್ಸೆಟೀನ್, ವೆನ್ಲಾಫ್ಯಾಕ್ಸಿನ್ ಇವು ಪಿಟಿಎಸ್‌ಡಿಗೆ ಕೆಲಸ ಮಾಡುವ ಔಷಧಿಗಳು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಒಂದು ವಾರ ನುಂಗಿ ಏನೂ ಆಗಲಿಲ್ಲ ಅಂತ ಬಿಡಬೇಡಿ. ನಿದ್ದೆಗೆ ಅಂತ ಬರೆದುಕೊಡುವ ಆಲ್ಪ್ರಝೋಲಾಮ್, ಕ್ಲೋನಾಝೆಪಾಮ್ ಜಾತಿಯವು ಬೇರೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಪಿಟಿಎಸ್‌ಡಿ ವಾಸಿ ಮಾಡುವುದಿಲ್ಲ, ಚಟವಾಗುತ್ತದೆ. ಆಘಾತದ ನಂತರದ ಮೊದಲ ತಿಂಗಳಲ್ಲಿ ಅವನ್ನು ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಕುಡಿತದ ಜೊತೆ ಸೇರಿದರೆ ಉಸಿರಿಗೇ ಅಪಾಯ.

ತಂಗೀ, ಈ ಸಾಲನ್ನು ಎರಡು ಸಲ ಓದಿ: ಇದನ್ನು ಓದಿ ಗಾಬರಿಯಾಗಿ ಆ ಮಾತ್ರೆಯನ್ನು ಇವತ್ತೇ ನಿಲ್ಲಿಸಬೇಡಿ. ವರ್ಷಗಟ್ಟಲೆ ನುಂಗಿದ್ದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದರೂ ಹಾಗೇ. ಎರಡನ್ನೂ ವೈದ್ಯರ ಕಣ್ಣೆದುರು ಹಂತಹಂತವಾಗಿ ಇಳಿಸಬೇಕು. ಚೀಟಿ ಮತ್ತು ಖಾಲಿ ಸ್ಟ್ರಿಪ್ ತೆಗೆದುಕೊಂಡು ಹೋಗಿ.

ಎಲ್ಲಿಗೆ ಹೋಗುವುದು ಅಂದರೆ, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ. ನಿಮ್ಮ ತಾಲ್ಲೂಕಿಗೆ ಬರುವ ದಿನ ಯಾವುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಖಚಿತ ಮಾಡಿಕೊಳ್ಳಿ. ಆರೋಗ್ಯ ವಿಮೆ ಇದ್ದವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗಳಿಗೆ ಇರುವ ಹಾಗೆಯೇ ಮಾನಸಿಕ ಕಾಯಿಲೆಗಳಿಗೂ ವಿಮೆ ಕೊಡಬೇಕು. ಪಾಲಿಸಿ ತೆಗೆದು ನೋಡಿ.

---

ಪುಟ್ಟಿಯ ಅಮ್ಮ, ದಾವಣಗೆರೆ

ಇದು ಯುದ್ಧ, ಅಪಘಾತ, ಪ್ರವಾಹದವರಿಗೆ ಮಾತ್ರ ಅಂತ ಯಾರೂ ತಿಳಿಯಬೇಡಿ. ನನಗೆ ಆಗಿದ್ದು ಹೆರಿಗೆಯಲ್ಲಿ. ರಕ್ತ ನಿಲ್ಲಲಿಲ್ಲ, ಓಡಾಟ, ಕೂಗಾಟ, ಸತ್ತೇ ಅಂದುಕೊಂಡೆ. ಮಗು ಚೆನ್ನಾಗಿದೆ, ನೀನೂ ಚೆನ್ನಾಗಿದ್ದೀಯಾ, ಇನ್ನೇನು ಅಳು ಅನ್ನುತ್ತಿದ್ದರು. ಆಸ್ಪತ್ರೆಯ ಫಿನಾಯಿಲ್ ವಾಸನೆ ಬಂದರೆ ಕಾಲು ತಣ್ಣಗಾಗುತ್ತಿತ್ತು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಅತ್ತಿಗೆಯನ್ನು ಕಳಿಸುತ್ತಿದ್ದೆ. ಬಾಣಂತಿ ಸನ್ನಿ ಅಂತ ಒಬ್ಬರು, ದೃಷ್ಟಿ ಅಂತ ಒಬ್ಬರು. 14416ಕ್ಕೆ ಕರೆ ಮಾಡಿದಾಗ ಆ ಕಡೆಯ ಹುಡುಗಿ "ನಿಮಗೆ ಆಗಿದ್ದು ನಿಜವಾಗಲೂ ಭಯಂಕರ" ಅಂದಳು. ಅಷ್ಟು ದಿನದಲ್ಲಿ ಹಾಗಂದವಳು ಅವಳೊಬ್ಬಳೇ.

ಮನೆಯಲ್ಲಿ ಗಂಡನಿಂದ ಹೊಡೆತ ತಿಂದು ಬದುಕುತ್ತಿರುವ ಅಕ್ಕತಂಗಿಯರಿಗೂ ಇದು ಬರುತ್ತದೆ. ಅವರ ಅಪಾಯ ಮುಗಿದೇ ಇಲ್ಲ. ಅವರಿಗೆ ಮೊದಲು ಬೇಕಾದ್ದು ಸುರಕ್ಷಿತ ಜಾಗ. 181 ಮಹಿಳಾ ಸಹಾಯವಾಣಿ.

---

ಸುಂಟಿಕೊಪ್ಪದ ಟೀಚರ್

ಮಕ್ಕಂದೂರಿನವರೇ, ಮಗಳ ಬಗ್ಗೆ ಒಂದು ಸಾಲಿನಲ್ಲಿ ಬರೆದು ಮುಂದೆ ಹೋದಿರಿ. ನನ್ನ ಮನಸ್ಸು ಅಲ್ಲೇ ನಿಂತಿತು. 2018ರ ನಂತರ ನಮ್ಮ ತರಗತಿಗೆ ಸೇರಿದ ಚಿಕ್ಕ ಮಕ್ಕಳು ಮಣ್ಣು, ಕಲ್ಲು ತಂದು ಗುಡ್ಡ ಮಾಡಿ, ನೀರು ಸುರಿದು ಬೀಳಿಸುವ ಆಟವನ್ನೇ ದಿನಾ ಆಡುತ್ತಿದ್ದರು. ಮಕ್ಕಳಲ್ಲಿ ಆಘಾತ ಹೀಗೂ ಕಾಣಿಸಿಕೊಳ್ಳುತ್ತದೆ ಅಂತ ತರಬೇತಿಗೆ ಬಂದವರು ಹೇಳಿಕೊಟ್ಟರು. ಬೈದು ನಿಲ್ಲಿಸದೆ, ಆಟದ ಕೊನೆಗೆ ಒಂದು ಆಂಬುಲೆನ್ಸ್, ಒಂದು ಶಾಲೆ, ಊಟ ಬಡಿಸುವ ಅಜ್ಜಿ ಸೇರಿಸುವಂತೆ ಮಾಡಿದೆವು. ದೊಡ್ಡ ಮಕ್ಕಳು ಆಡುವುದಿಲ್ಲ. ಅಪ್ಪನ ಮುಖ ನೋಡಿಕೊಂಡು ಬದುಕುತ್ತಾರೆ. ನಿಮ್ಮ ಮಗಳನ್ನೂ ಒಮ್ಮೆ ಕೇಳಿ, ನಿನಗೆ ನಿದ್ದೆ ಬರುತ್ತದಾ ಅಂತ. ಅಪ್ಪನಿಗೆ ಕಾಯಿಲೆ ಇದೆ, ಸಿಟ್ಟು ನಿನ್ನ ಮೇಲಿನದಲ್ಲ, ಅವರನ್ನು ಸರಿಮಾಡುವುದು ನಿನ್ನ ಕೆಲಸ ಅಲ್ಲ ಅಂತ ಬಾಯಿಬಿಟ್ಟು ಹೇಳಿ. ಸಿಟ್ಟಿನಲ್ಲಿ ಕೈ ಎತ್ತುವ ಮಟ್ಟಕ್ಕೆ ಹೋದರೆ ನೀವಿಬ್ಬರೂ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ.

---

ಮಕ್ಕಂದೂರು ಕಡೆಯವಳು

ಮಗಳನ್ನು ಕೇಳಿದೆ. ನಾನು ಬರೆಯಲಾರೆ ಈಗ. ಅವಳನ್ನೂ ಕರೆದುಕೊಂಡು ಹೋಗುತ್ತೇನೆ.

ಉಳಿದಿರುವುದು ಇವರನ್ನು ಒಪ್ಪಿಸುವುದು. "ನನಗೇನು ಹುಚ್ಚಾ" ಅನ್ನುತ್ತಾರೆ. ಮತ್ತೆ, ರಾತ್ರಿ ಕನಸಿನಲ್ಲಿ ಕೂಗುವಾಗ ಮುಟ್ಟಿ ಎಬ್ಬಿಸಲು ಹೋದರೆ ತಳ್ಳುತ್ತಾರೆ. ಏನು ಮಾಡಲಿ?

---

ಮಾಜಿ ಸೈನಿಕ, ಗೋಣಿಕೊಪ್ಪ

ಮುಟ್ಟಬೇಡಿ. ದೀಪ ಹಾಕಿ, ದೂರದಲ್ಲೇ ನಿಂತು ಮೆಲ್ಲಗೆ ಕರೆಯಿರಿ. ಎಚ್ಚರವಾದ ಮೇಲೆ "ಇದು ನಮ್ಮ ಹೊಸ ಮನೆ, ಮಗಳು ಪಕ್ಕದ ಕೋಣೆಯಲ್ಲಿದ್ದಾಳೆ" ಅಂತ ಇವತ್ತಿನ ಸಂಗತಿ ಹೇಳಿ. ಬರಿಗಾಲು ನೆಲಕ್ಕೆ ಊರಿಸಿ, ತಣ್ಣೀರು ಕೊಡಿ. ಏನು ಕಂಡಿರಿ ಅಂತ ಆಗ ಕೇಳಬೇಡಿ. ಹಗಲಿನಲ್ಲೂ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಡಬೇಡಿ. ನನ್ನ ಹೆಂಡತಿ ಅಡುಗೆಮನೆಯಿಂದ ಬರುವಾಗ ಬಳೆ ಸದ್ದು ಮಾಡಿಕೊಂಡೇ ಬರುತ್ತಾಳೆ.

---

ಸ್ಟೇರಿಂಗ್ ಹಿಡಿದವನು

ಒಪ್ಪಿಸುವ ಬಗ್ಗೆ ನನ್ನ ಅನುಭವ ಹೇಳುತ್ತೇನೆ ಅಕ್ಕ. ನನಗೂ ಪಿಟಿಎಸ್‌ಡಿ, ಮನೋವೈದ್ಯ ಅಂದಾಗ ಎದ್ದು ಹೋಗಿದ್ದೆ. ಒಪ್ಪಿದ್ದು ನಿದ್ದೆಗೆ. "ನಿದ್ದೆಗೆ ಒಳ್ಳೇ ಡಾಕ್ಟರ್ ಇದ್ದಾರಂತೆ, ನಾನೂ ಬರ್ತೀನಿ, ಹೋಗಿ ಬರೋಣ" ಅಂದಳು ನನ್ನಾಕೆ. ಸುಳ್ಳೇನೂ ಅಲ್ಲ, ನಿದ್ದೆಯೂ ಅದೇ ಕಾಯಿಲೆಯ ಭಾಗ. ಅವರಿಗೆ ಯಾವುದು ಹೆಚ್ಚು ಹಿಂಸೆ ಕೊಡುತ್ತಿದೆಯೋ ಅದರ ಹೆಸರಲ್ಲಿ ಕರೆಯಿರಿ. ಕುಡಿದಾಗ, ಜಗಳದ ನಡುವೆ ಹೇಳಬೇಡಿ. ಡಾಕ್ಟರ ಮುಂದೆ ಅವರು ಏನೂ ಇಲ್ಲ ಅನ್ನುತ್ತಾರೆ, ನಾನೂ ಅಂದಿದ್ದೆ. ನೀವು ಇಲ್ಲಿ ಮೊದಲು ಬರೆದಿದ್ದನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಆ ಹಾಳೆಯನ್ನು ಅವರಿಗೆ ಮೊದಲೇ ತೋರಿಸಿ, ಬೆನ್ನ ಹಿಂದೆ ಕೊಟ್ಟ ಹಾಗೆ ಆಗಬಾರದು. ಅವರು ಪೂರ್ತಿ ಒಲ್ಲೆ ಅಂದರೆ ನೀವೊಬ್ಬರೇ 14416ಕ್ಕೆ ಮಾಡಿ, ಮನೆಯವರೂ ಕೇಳಬಹುದು.

ನನ್ನ ಜೊತೆ ಮಾತಾಡಬೇಕು ಅಂದರೆ ಹೇಳಿ, ಅವರಿಗೆ ಫೋನ್ ಮಾಡುತ್ತೇನೆ. ಕಾಯಿಲೆ ಮಾತು ಆಡುವುದಿಲ್ಲ. ಮೆಣಸಿನ ರೇಟು, ರಸ್ತೆ ವಿಷಯ ಮಾತಾಡಿ, ಅವರಾಗೇ ಕೇಳಿದರೆ ನನ್ನದು ಹೇಳುತ್ತೇನೆ.

---

ಹಳೇಬೇರು

ನಾನು ಕೊಯ್ಲಿನ ಕಾಲಕ್ಕೆ ಬರುತ್ತೇನಮ್ಮ, ನಮ್ಮ ಕಡೆಯ ಇಬ್ಬರನ್ನು ಕರೆದುಕೊಂಡು. ನಿಮ್ಮ ಯಜಮಾನರು ತೋಟಕ್ಕೆ ಇಳಿಯದಿದ್ದರೆ ಬೇಡ, ಗೇಟಿನ ಹತ್ತಿರ ಕೂತು ಲೆಕ್ಕ ಬರೆದುಕೊಳ್ಳಲಿ. ಅದೂ ಒಂದು ಮೆಟ್ಟಿಲಾಗುತ್ತದಾ ಅಂತ ಮೈಸೂರಿನ ಮೇಡಂ ಹೇಳಬೇಕು.

---

ಸಮಾಜ ಕಾರ್ಯಕರ್ತೆ, ಮೈಸೂರು

ಆಗುತ್ತದೆ ಸರ್. ಚಿಕಿತ್ಸೆ ಶುರುವಾದ ಮೇಲೆ, ಅವರ ಸೈಕಾಲಜಿಸ್ಟ್ ಜೊತೆ ಮಾತಾಡಿಕೊಂಡು, ಅವರೇ ಬರುತ್ತೇನೆ ಅಂದ ದಿನ. ಗೇಟಿನ ತನಕ ಬರಲು ಆಗದಿದ್ದರೆ ರಸ್ತೆಯ ತಿರುವಿನಲ್ಲೇ ಕುರ್ಚಿ ಹಾಕಿ. ಅಕ್ಕಾ, ನೀವು ಮಂಗಳವಾರದ ವಿಷಯ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಂಡು ಇಲ್ಲಿ ಹಾಕಿ. ಮೈಸೂರಿಗೆ ಬರುವುದಾದರೆ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಬೇಗ ಬನ್ನಿ, ಹಳೇ ಚೀಟಿಗಳೆಲ್ಲ ಇರಲಿ, ಮಗಳದ್ದೂ ಬೇರೆಯಾಗಿ ನೋಂದಣಿ ಮಾಡಿಸಿ. ನಿಮ್ಮದೂ ಮಾಡಿಸಿ. ಅವತ್ತು ಆ ಮನೆಯಿಂದ ಓಡಿದವರಲ್ಲಿ ನೀವೂ ಇದ್ದಿರಲ್ಲ.